ಸನ್ನತಿಗೆ ಬಂದವರು ಊಟಕ್ಕೆ ನಿಲ್ಲುವಂತಾಗಲಿ

ಉತ್ತರ ಕರ್ನಾಟಕದ ಪ್ರವಾಸ ಅಂದರೆ ಜನ ಹಂಪಿ, ಬಾದಾಮಿ, ವಿಜಯಪುರ ಅನ್ನುತ್ತಾರೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿ ದಂಡೆಯ ಸನ್ನತಿ ಹೆಸರು ಕೊನೆಗೆ ಬರುತ್ತದೆ, ಅದೂ ಬಂದರೆ.

ಇಲ್ಲಿರುವುದು ಸಣ್ಣ ಸಂಗತಿಯಲ್ಲ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ದೇವಿ ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ, ಅದು ಅಶೋಕನ ಶಾಸನ! ಮುಂದೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅದರ ಒಂದು ಫಲಕದಲ್ಲಿ ರಾಣಿಯೊಂದಿಗೆ ನಿಂತ ರಾಜ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕ’ ಎಂಬ ಬರಹ. ಅಶೋಕನ ಹೆಸರು ಕೆತ್ತಿದ ಇಂಥ ಶಿಲ್ಪ ಬಲು ಅಪರೂಪ.

ಸನ್ನತಿಗೆ ಜನ ಬರುವುದಿಲ್ಲ ಅನ್ನುವಂತಿಲ್ಲ. ಚಂದ್ರಲಾಂಬೆ ಎಷ್ಟೋ ಮನೆತನಗಳ ಕುಲದೇವತೆ. ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಆದರೆ ಹೆಚ್ಚಿನವರು ಕಾಯಿ ಒಡೆಸಿ, ಚಹಾ ಕುಡಿದು, ಗಾಡಿ ಹತ್ತುತ್ತಾರೆ. ಕೆಲವೇ ಕಿಲೋಮೀಟರ್ ಆಚೆ ಸ್ತೂಪ ಇದೆ ಎಂದು ಹೇಳುವವರು ಬೇಕಲ್ಲ?

ಅಭಿವೃದ್ಧಿ ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಕಟ್ಟಡ. ಯಾತ್ರಿ ನಿವಾಸ, ಸ್ವಾಗತ ಕಮಾನು, ಶಂಕುಸ್ಥಾಪನೆ ಕಲ್ಲು. (ಆ ಕಲ್ಲಿನ ಮೇಲಿನ ಹೆಸರುಗಳು ಅಶೋಕನ ಶಾಸನಕ್ಕಿಂತ ದೊಡ್ಡ ಅಕ್ಷರದಲ್ಲಿರುತ್ತವೆ.) ನನ್ನ ಕೇಳಿದರೆ ಮೊದಲ ರೊಕ್ಕ ಜನರ ಮೇಲೆ ಹಾಕಬೇಕು. ಪಿಯುಸಿ, ಡಿಗ್ರಿ ಓದಿದ ಸುತ್ತಲಿನ ಹತ್ತು ಹುಡುಗ ಹುಡುಗಿಯರಿಗೆ ಈ ಕಲ್ಲುಗಳ ಕಥೆಯನ್ನು ಸರಿಯಾಗಿ ಕಲಿಸಿ, ಗುರುತಿನ ಚೀಟಿ ಕೊಟ್ಟು, ಗೈಡ್ ಮಾಡಲಿ. ಮಹಿಳಾ ಸ್ವಸಹಾಯ ಸಂಘಕ್ಕೆ ಒಂದು ಖಾನಾವಳಿ ಕೊಡಲಿ: ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ನಮ್ಮದೇ ತೊಗರಿ ಬೇಳೆ. ನಾಲವಾರ ಸ್ಟೇಷನ್ನಿನಲ್ಲಿ ಇಳಿದವರಿಗೆ ದರ ಬರೆದ ಆಟೋ ಸಿಗಲಿ. ಬಂದವರು ಅರ್ಧ ದಿನ ನಿಂತರೂ ಸಾಕು, ರೊಕ್ಕ ಊರೊಳಗೆ ಉಳಿಯುತ್ತದೆ. ಗುಳೆ ಹೋಗುವ ಮನೆಗಳಿರುವ ಸೀಮೆಗೆ ಅದು ಸಣ್ಣ ಮಾತಲ್ಲ.

ಊರಿನವರಿಗೇ ಯಾಕೆ ಮೊದಲ ಪಾಲು? ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅಲ್ಲಿಂದ ಮತ್ತೆ 200 ಮೀಟರ್ ತನಕ ಅನುಮತಿ ಬೇಕು. ಇತಿಹಾಸ ಉಳಿಯಲಿ ಎಂದು ಈ ಕಟ್ಟುಪಾಡು ಹೊರುವವರು ಅಕ್ಕಪಕ್ಕದ ರೈತರು. ಹೊರಗಿನ ಗುತ್ತಿಗೆದಾರ ಬಂದು ಹೋಟೆಲ್ ನಡೆಸಿದರೆ ಇವರಿಗೆ ಸಿಗುವುದು ಕಾವಲುಗಾರನ ಕೆಲಸ, ಅಷ್ಟೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ದೊಡ್ಡ ಖರ್ಚೇನಲ್ಲ. ಮಾರ್ಚ್ ದಾಟಿದರೆ ನಮ್ಮ ಬಿಸಿಲಿಗೆ ಯಾರೂ ಕಲ್ಲು ನೋಡಲು ಬರುವುದಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯೇ ಹಂಗಾಮು. ಮಳೆಗಾಲದಲ್ಲಿ ತರಬೇತಿ ಶುರುವಾದರೆ ದಸರೆಗೆ ಹುಡುಗರು ತಯಾರಿರುತ್ತಾರೆ.