ತೆಂಗಿನ ನುಸಿಗೆ ಬೇವು, ಬೆಳ್ಳುಳ್ಳಿ

ಗುಲ್ವಾಡಿಯ ಕಡೆ ತೋಟಕ್ಕೆ ಹೋದ ಮಕ್ಕಳಿಗೆ ಮರದ ಬುಡದಲ್ಲಿ ಒಮ್ಮೊಮ್ಮೆ ವಿಚಿತ್ರವಾದ ತೆಂಗಿನಕಾಯಿ ಸಿಗುತ್ತದೆ. ಗಾತ್ರ ಚಿಕ್ಕದು, ಮೈಮೇಲೆ ಕಂದು ಬಣ್ಣದ ಬಿರುಕು. ಸುಲಿಯಹೊರಟರೆ ಸಿಪ್ಪೆ ಬಿಡುವುದೇ ಇಲ್ಲ. ‘ನುಸಿರೋಗ’ ಎನ್ನುತ್ತಾರೆ ಹಿರಿಯರು. ಆದರೆ ಇದು ರೋಗವಲ್ಲ, ಒಂದು ಜೀವಿಯ ಕಾಟ.

ನುಸಿ ಕೀಟವೂ ಅಲ್ಲ. ಕೀಟಗಳಿಗೆ ಆರು ಕಾಲು. ನುಸಿಗಳು ಜೇಡನ ಬಳಗಕ್ಕೆ ಸೇರಿದವು. ಹೆಚ್ಚಿನವಕ್ಕೆ ಎಂಟು ಕಾಲು. ತೆಂಗಿನ ನುಸಿಗಾದರೋ ನಾಲ್ಕೇ! ಉದ್ದ ಸುಮಾರು 0.25 ಮಿ.ಮೀ. ಭಾರತದಲ್ಲಿ ಇದು ಮೊದಲು ಕಂಡದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಗಾಳಿಯಲ್ಲಿ ತೇಲುತ್ತ ಕರ್ನಾಟಕಕ್ಕೂ ಬಂತು.

ಎಳೆಗಾಯಿಯ ತೊಟ್ಟಿನಲ್ಲಿ ಟೋಪಿಯಂತೆ ಅಂಟಿಕೊಂಡ ಎಸಳುಗಳ ಅಡಿಯೇ ಇದರ ಮನೆ. ಅಲ್ಲಿ ಕುಳಿತು ರಸ ಹೀರುತ್ತದೆ. ಸಿಂಪಡಿಸಿದ ಔಷಧ ಅಲ್ಲಿಗೆ ಸುಲಭವಾಗಿ ತಲಪದು. ಆದ್ದರಿಂದ ಆರಂಭದ ವರ್ಷಗಳಲ್ಲಿ ಮೊನೊಕ್ರೊಟೊಫಾಸ್ ವಿಷವನ್ನು ಬೇರಿಗೆ ಉಣಿಸುವ ಕ್ರಮ ಬಂತು. ಉಣಿಸಿದ ಮೇಲೆ 45 ದಿನ ಕಾಯಿ ಕೀಳಬಾರದೆಂಬ ಎಚ್ಚರಿಕೆಯೂ ಇತ್ತು. ಜ್ವರದ ಮಗುವಿಗೆ ಸೀಯಾಳ ಕೊಡುವ ಮನೆಗಳಲ್ಲಿ ಈ ಲೆಕ್ಕ ತಪ್ಪಿದರೆ?

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದ ಬೇವು-ಬೆಳ್ಳುಳ್ಳಿ ಮಿಶ್ರಣದಲ್ಲಿ ಈ ಭಯವಿಲ್ಲ. 50 ಗ್ರಾಂ ಬಟ್ಟೆಸೋಪನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, 200 ಮಿ.ಲೀ. ಬೇವಿನೆಣ್ಣೆ ಸೇರಿಸಿ ಚೆನ್ನಾಗಿ ಕಲಕಬೇಕು. 200 ಗ್ರಾಂ ಬೆಳ್ಳುಳ್ಳಿಯನ್ನು 300 ಮಿ.ಲೀ. ನೀರಿನಲ್ಲಿ ಅರೆದು ಸೋಸಿ ಬೆರೆಸಬೇಕು. ಇದಕ್ಕೆ 9 ಲೀಟರ್ ನೀರು ಹಾಕಿ, ಅಂದೇ ಎಳೆಗೊನೆಗಳ ತೊಟ್ಟು ನೆನೆಯುವಂತೆ ಸಿಂಪಡಿಸಬೇಕು. ಮಳೆ ಬಿಡುವಿದ್ದಾಗ, ವರ್ಷಕ್ಕೆ ಮೂರು ಬಾರಿ.

ಸೋಪೇಕೆ? ಎಣ್ಣೆ, ನೀರು ತಾವಾಗಿ ಬೆರೆಯುವುದಿಲ್ಲ; ಸೋಪು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹರಡುತ್ತದೆ. ಬೇವಿನ ಅಜಾಡಿರಾಕ್ಟಿನ್ ನುಸಿಯನ್ನು ಒಮ್ಮೆಲೇ ಕೊಲ್ಲುವುದಿಲ್ಲ; ಅದರ ಆಹಾರ, ಬೆಳವಣಿಗೆ ಕೆಡಿಸುತ್ತದೆ. ಹೀಗಾಗಿ ತಾಳ್ಮೆ ಬೇಕು. ಮರಕ್ಕೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ, ಸಾಕಷ್ಟು ಹಟ್ಟಿಗೊಬ್ಬರವೂ ಬೇಕು.

ನುಸಿಗೂ ಶತ್ರುಗಳುಂಟು. ಅದೇ ಎಸಳುಗಳ ಅಡಿಯಲ್ಲಿ ಅದನ್ನು ತಿನ್ನುವ ಬೇರೆ ನುಸಿಗಳಿವೆ. ಹಿರ್ಸುಟೆಲ್ಲಾ ಎಂಬ ಶಿಲೀಂಧ್ರ ಅದಕ್ಕೆ ರೋಗ ತರುತ್ತದೆ. ಕಂಡಕಂಡಲ್ಲಿ ವಿಷ ಸುರಿದರೆ ಈ ಮಿತ್ರರೂ ಸಾಯುತ್ತಾರೆ.

ಉದುರಿದ ಎಳೆಗಾಯಿ ಸಿಕ್ಕರೆ ಹಿರಿಯರಿಂದ ತೊಟ್ಟಿನ ಎಸಳು ಬಿಡಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿ. ಬಿಳಿ ಹುಡಿಯಂಥದ್ದು ನಿಧಾನವಾಗಿ ಅಲುಗಿದರೆ, ಅದೇ ನುಸಿ!