ಉಸಿರಿಗಿಂತ ಮೂಳೆ ನಿಧಾನ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ದೂರದ ಓಟದ ಉತ್ಸಾಹವು ಬಹಳವಾಗಿ ಹಬ್ಬಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಾಗಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಾಗಲಿ ಮುಂಜಾನೆ ಹೋಗಿ ನಿಂತರೆ, ಬೆವರೊರೆಸಿಕೊಳ್ಳುತ್ತ ಓಡುವ ಕಛೇರಿಯ ನೌಕರರು, ಅಧ್ಯಾಪಕರು, ಗೃಹಿಣಿಯರು, ವಿದ್ಯಾರ್ಥಿಗಳು ಕಣ್ಣಿಗೆ ಬೀಳುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಉತ್ಸಾಹದ ಜೊತೆಗೇ ಒಂದು ಅವಸರವೂ ಬಂದಿದೆ. ನಿನ್ನೆಯವರೆಗೆ ಬಸ್ಸು ಹಿಡಿಯುವುದಕ್ಕಲ್ಲದೆ ಓಡಿ ಅರಿಯದವರು ಇಂದು ಮ್ಯಾರಥಾನಿಗೆ ಹೆಸರು ನೋಂದಾಯಿಸಿ, ಹದಿನಾರು ವಾರಗಳ ವೇಳಾಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಕೈಗಡಿಯಾರವನ್ನು ನೋಡುತ್ತ ಅಭ್ಯಾಸಕ್ಕೆ ಇಳಿಯುತ್ತಾರೆ. ಈ ಅವಸರವು ಶರೀರದ ನಿಯಮಗಳಿಗೆ ಹೊಂದುವಂಥದಲ್ಲವೆಂದೂ, ಹೊಸಬನ ಮೊದಲ ವರ್ಷವು ನಿಧಾನದ ಓಟಕ್ಕೆ ಮೀಸಲಾಗಬೇಕೆಂದೂ ನಮ್ಮ ಅಭಿಪ್ರಾಯ. ಇದು ಸೋಮಾರಿಗಳ ಪರವಾದ ವಕಾಲತ್ತಲ್ಲ. ಇದಕ್ಕೆ ಭೌತವಿಜ್ಞಾನದ ಮತ್ತು ಶರೀರವಿಜ್ಞಾನದ ಆಧಾರವುಂಟು.

ಮೊದಲು ಮ್ಯಾರಥಾನ್ ಎಂದರೆ ಎಷ್ಟು ದೂರವೆಂಬುದನ್ನು ನೆನೆಯೋಣ. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಪ್ರಥಮ ಆಧುನಿಕ ಒಲಿಂಪಿಕ್ಸಿನಲ್ಲಿ ಅದು ಸುಮಾರು 40 ಕಿಲೋಮೀಟರ್ ಇದ್ದಿತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ 26 ಮೈಲಿ 385 ಗಜ, ಎಂದರೆ 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅದೇ ಅಳತೆ ಸ್ಥಿರಪಟ್ಟಿತು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡುವ ಹೊಸಬನು ನಿಮಿಷಕ್ಕೆ ಸುಮಾರು 160 ಹೆಜ್ಜೆ ಹಾಕುತ್ತಾನೆಂದು ಭಾವಿಸಿದರೆ, ಈ ದೂರಕ್ಕೆ ಐವತ್ತು ಸಾವಿರಕ್ಕೂ ಮಿಕ್ಕ ಹೆಜ್ಜೆಗಳು ಬೇಕು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ವೇಗವಾಗಿ ಓಡಿದರೆ ಮಾತ್ರ ಪ್ರಯೋಜನವೆಂಬ ನಂಬಿಕೆಯನ್ನು ಮೊದಲು ಪರೀಕ್ಷಿಸೋಣ. ಇಟಲಿಯ ಶರೀರವಿಜ್ಞಾನಿ ಮಾರ್ಗಾರಿಯಾ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸಮತಟ್ಟಾದ ನೆಲದಲ್ಲಿ ಓಡುವವನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕೆಲೊರಿ ಶಕ್ತಿ ವೆಚ್ಚವಾಗುತ್ತದೆ. ವಿಸ್ಮಯವೆಂದರೆ, ಈ ವೆಚ್ಚವು ಓಟದ ವೇಗವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. 60 ಕಿಲೋಗ್ರಾಂ ತೂಕದವನು 5 ಕಿಲೋಮೀಟರನ್ನು ಅರ್ಧ ಗಂಟೆಯಲ್ಲಿ ಓಡಿದರೂ ಮುಕ್ಕಾಲು ಗಂಟೆಯಲ್ಲಿ ಓಡಿದರೂ ವೆಚ್ಚ ಹೆಚ್ಚುಕಡಮೆ 300 ಕಿಲೋಕೆಲೊರಿಯೇ. ಭೇದವಿರುವುದು ವೆಚ್ಚದಲ್ಲಲ್ಲ, ವೆಚ್ಚದ ದರದಲ್ಲಿ. ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ಅಂತರವೆಂದು ನಾವು ತರಗತಿಯಲ್ಲಿ ಬೋಧಿಸುವುದು ಇದನ್ನೇ.

ಒಂದು ಲೀಟರ್ ಆಮ್ಲಜನಕದಿಂದ ಶರೀರಕ್ಕೆ ಸುಮಾರು 5 ಕಿಲೋಕೆಲೊರಿ ಒದಗುತ್ತದೆ. ಆದ್ದರಿಂದ ಮೇಲಿನ ಓಟಕ್ಕೆ 60 ಲೀಟರ್ ಬೇಕು: ಅರ್ಧ ಗಂಟೆಯಲ್ಲಾದರೆ ನಿಮಿಷಕ್ಕೆ 2 ಲೀಟರ್, ಮುಕ್ಕಾಲು ಗಂಟೆಯಲ್ಲಾದರೆ ಒಂದೂಕಾಲು ಲೀಟರಿಗಿಂತ ತುಸು ಹೆಚ್ಚು. ಮನುಷ್ಯನು ಆಮ್ಲಜನಕವನ್ನು ಬಳಸುವ ದರಕ್ಕೆ ಒಂದು ಮೇರೆಯುಂಟೆಂಬುದನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ತೋರಿಸಿಕೊಟ್ಟರು. ಸ್ನಾಯುಗಳ ಅಧ್ಯಯನಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಈ ವಿಜ್ಞಾನಿ, ಓಡುವವನು ಬಿಟ್ಟ ಉಸಿರನ್ನು ಚೀಲದಲ್ಲಿ ಸಂಗ್ರಹಿಸಿ ಅಳೆದರು. ಪ್ರಯೋಗಕ್ಕೆ ತಾವೇ ಓಡಿದರು. ಅಭ್ಯಾಸವಿಲ್ಲದ 60 ಕಿಲೋಗ್ರಾಂ ತೂಕದ ಯುವಕನ ಮೇರೆ ನಿಮಿಷಕ್ಕೆ ಸುಮಾರು ಎರಡೂವರೆ ಲೀಟರ್. ಎಂದಮೇಲೆ, ಅರ್ಧ ಗಂಟೆಯ ಓಟದಲ್ಲಿ ಅವನು ತನ್ನ ಮೇರೆಯ ನೂರಕ್ಕೆ ಎಂಬತ್ತರಷ್ಟನ್ನು ಮುಟ್ಟಿ ಏದುಸಿರು ಬಿಡುತ್ತಾನೆ. ಮುಕ್ಕಾಲು ಗಂಟೆಯ ಓಟದಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿ, ಪಕ್ಕದವರೊಡನೆ ಮಾತನಾಡುತ್ತ ಓಡಬಲ್ಲ. ಮೊದಲನೆಯವನು ನಾಳೆ ಓಡಲಾರ, ಎರಡನೆಯವನು ನಾಳೆಯೂ ಓಡಿಯಾನು. ದೂರದ ಓಟದಲ್ಲಿ ಗೆಲ್ಲುವುದು ಈ 'ನಾಳೆ'ಯೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಭ್ಯಾಸ ಆರಂಭಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕತೊಡಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಉಸಿರು ಹಗುರವಾಗುತ್ತದೆ. ಹೊಸಬನು ಹಿಗ್ಗುವುದು ಈ ಘಟ್ಟದಲ್ಲಿ. 'ನನಗೆ ಓಟ ಒಲಿಯಿತು' ಎಂದು ದೂರವನ್ನೂ ವೇಗವನ್ನೂ ಒಟ್ಟಿಗೆ ಏರಿಸುತ್ತಾನೆ. ಅಪಾಯ ಕಾದಿರುವುದೂ ಇಲ್ಲಿಯೇ. ಏಕೆಂದರೆ ಓಡುವುದು ಹೃದಯ ಶ್ವಾಸಕೋಶಗಳು ಮಾತ್ರವಲ್ಲ. ಮೂಳೆಗಳೂ ಸ್ನಾಯುರಜ್ಜುಗಳೂ ಓಡಬೇಕು. ಅವುಗಳ ಪಂಚಾಂಗವೇ ಬೇರೆ.

1855ರಲ್ಲಿ ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್, ದೀರ್ಘ ಕವಾಯತಿನ ಬಳಿಕ ಸೈನಿಕರ ಪಾದಗಳು ಊದಿಕೊಂಡು ನೋಯುವುದನ್ನು ವರ್ಣಿಸಿದನು. ಬಿದ್ದುದಿಲ್ಲ, ಪೆಟ್ಟು ತಗುಲಿದುದಿಲ್ಲ; ನಡೆದದ್ದೇ ಅಪರಾಧ. ಪಾದದ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿದ್ದಿರುತ್ತದೆಂಬುದು ಎಕ್ಸ್-ಕಿರಣಗಳ ಶೋಧವಾದ ಮೇಲೆ ತಿಳಿಯಿತು. ಅದೇ ಕಾಲದಲ್ಲಿ, ಅದೇ ನಾಡಿನಲ್ಲಿ, ಆಗಸ್ಟ್ ವೋಲರ್ ಎಂಬ ರೈಲ್ವೆ ಇಂಜಿನಿಯರನು ಗಾಡಿಗಳ ಗಾಲಿಯ ಅಚ್ಚುಗಳು ಏಕೆ ಮುರಿಯುತ್ತವೆಂದು ಪರೀಕ್ಷಿಸುತ್ತಿದ್ದನು. ಒಂದೇ ಬಾರಿಗೆ ಹೇರಿದರೆ ಅಚ್ಚು ಸುಲಭವಾಗಿ ತಾಳಿಕೊಳ್ಳುವ ಭಾರವು, ಲಕ್ಷಾಂತರ ಸಲ ಮರಳಿ ಮರಳಿ ಬಿದ್ದರೆ ಅದನ್ನು ಮುರಿದುಬಿಡುತ್ತದೆಂದು ಅವನು ಕಂಡುಕೊಂಡನು. ಲೋಹದ ದಣಿವು ಎಂದು ಇದಕ್ಕೆ ಹೆಸರು. ವೈದ್ಯನೂ ಇಂಜಿನಿಯರನೂ ನೋಡಿದ್ದು ಒಂದೇ ತತ್ತ್ವವನ್ನು: ಮುರಿಯುವುದಕ್ಕೆ ದೊಡ್ಡ ಪೆಟ್ಟೇ ಬೇಕೆಂದಿಲ್ಲ, ಸಣ್ಣ ಪೆಟ್ಟುಗಳ ಎಣಿಕೆ ಸಾಕು.

ಓಡುವಾಗ ಪಾದವು ನೆಲವನ್ನು ಮುಟ್ಟಿದಾಗಲೆಲ್ಲ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಅದರ ಮೇಲೆ ಬೀಳುತ್ತದೆ. ನಮ್ಮ 60 ಕಿಲೋಗ್ರಾಮಿನ ಯುವಕನು 5 ಕಿಲೋಮೀಟರ್ ಓಡಿದರೆ ಒಂದೊಂದು ಕಾಲಿಗೂ ಇಂತಹ ಸುಮಾರು 3,000 ಪೆಟ್ಟುಗಳು; ಪೂರ್ಣ ಮ್ಯಾರಥಾನಿನಲ್ಲಿ 25,000. ಆದರೆ ಮೂಳೆಗೂ ಅಚ್ಚಿಗೂ ಒಂದು ಮಹತ್ತರವಾದ ಅಂತರವಿದೆ. ಅಚ್ಚು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು; ಮೂಳೆ ಮಾಡಿಕೊಳ್ಳುತ್ತದೆ. ಮಾಡಿಕೊಳ್ಳುವುದಷ್ಟೇ ಅಲ್ಲ, ಹೊರೆಗೆ ತಕ್ಕಂತೆ ದಪ್ಪವಾಗುತ್ತದೆ. ಎಳವೆಯಿಂದ ಟೆನಿಸ್ ಆಡಿದವರ ಬ್ಯಾಟು ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪನಾಗಿರುವುದು ಇದಕ್ಕೆ ಸಾಕ್ಷಿ.

ಈ ದುರಸ್ತಿಯ ಕ್ರಮವೇ ನಮ್ಮ ವಾದದ ತಿರುಳು. ಹಳೆಯ ಮನೆಯ ಗೋಡೆಯನ್ನು ರಿಪೇರಿ ಮಾಡುವಾಗ ಸಡಿಲವಾದ ಗಾರೆಯನ್ನು ಮೊದಲು ಕೆರೆದು ತೆಗೆದು ಆಮೇಲೆ ಹೊಸ ಗಾರೆ ಮೆತ್ತುವಂತೆ, ಸವೆದ ಮೂಳೆಯನ್ನು ಒಂದು ಬಗೆಯ ಜೀವಕೋಶಗಳು ಮೊದಲು ಕರಗಿಸುತ್ತವೆ. ಬಳಿಕ ಇನ್ನೊಂದು ಬಗೆಯವು ಆ ತೆರವನ್ನು ತುಂಬುತ್ತವೆ. ಕರಗಿಸುವ ಕೆಲಸಕ್ಕೆ ಎರಡು ಮೂರು ವಾರಗಳು ಸಾಕು. ತುಂಬಿ ಗಟ್ಟಿಮಾಡುವುದಕ್ಕೆ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಆದಕಾರಣ ಅಭ್ಯಾಸದ ಮೊದಲ ತಿಂಗಳುಗಳಲ್ಲಿ ಮೂಳೆಯು ಕೆಲಕಾಲ ಮೊದಲಿಗಿಂತ ದುರ್ಬಲವಾಗಿಯೇ ಇರಬಹುದು. ಉಸಿರು 'ಮುಂದೆ ಹೋಗು' ಎನ್ನುವ ಹೊತ್ತಿಗೆ ಸರಿಯಾಗಿ ಮೂಳೆ 'ತಾಳು' ಎನ್ನುತ್ತಿರುತ್ತದೆ. ಉಸಿರಿನ ಮಾತು ದೊಡ್ಡದಾಗಿ ಕೇಳಿಸುತ್ತದೆ. ಮೂಳೆಯದು ಕೇಳಿಸುವುದು ಬಿರುಕು ಬಿಟ್ಟ ಮೇಲೆ.

ಇದಕ್ಕೆ ಪ್ರತಿಯಾಗಿ ಹಲವರು ಒಂದು ಸೂತ್ರವನ್ನು ಮುಂದಿಡುತ್ತಾರೆ: ವಾರಕ್ಕೆ ನೂರಕ್ಕೆ ಹತ್ತರಂತೆ ಮಾತ್ರ ಓಟವನ್ನು ಹೆಚ್ಚಿಸಿದರೆ ಹಾನಿಯಿಲ್ಲವೆಂದು. ಸೂತ್ರ ನೋಡುವುದಕ್ಕೆ ಅಚ್ಚುಕಟ್ಟಾಗಿದೆ. ಆದರೆ ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದಲ್ಲಿ ಐನೂರಕ್ಕೂ ಮಿಕ್ಕ ಹೊಸಬರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಸೂತ್ರದಂತೆ 13 ವಾರ ಅಭ್ಯಾಸ ಮಾಡಿದವರಲ್ಲಿಯೂ, 8 ವಾರಗಳ ಸಾಮಾನ್ಯ ಅಭ್ಯಾಸ ಮಾಡಿದವರಲ್ಲಿಯೂ, ಐವರಲ್ಲಿ ಒಬ್ಬರಂತೆ ಪೆಟ್ಟು ಮಾಡಿಕೊಂಡರು. ಅವರು ಸಿದ್ಧರಾಗುತ್ತಿದ್ದುದು ಕೇವಲ 4 ಮೈಲಿಯ ಓಟಕ್ಕೆ! ಶೇಕಡಾ ಲೆಕ್ಕವು ಕಾಲನ್ನು ಕಾಯುವ ಮಂತ್ರವಲ್ಲವೆಂಬುದಿಷ್ಟನ್ನು ಇದರಿಂದ ಕಲಿಯಬಹುದು. ಒಬ್ಬೊಬ್ಬನ ಮೂಳೆಗೂ ಅದರದೇ ಗಡುವು. ಅದನ್ನು ಗೋಡೆಯ ಮೇಲಿನ ವೇಳಾಪಟ್ಟಿ ನಿಗದಿಪಡಿಸಲಾರದು.

ನಿಧಾನವಾಗಿ ಓಡುವವನು ಎಂದೆಂದಿಗೂ ನಿಧಾನಿಯಾಗಿಯೇ ಉಳಿಯುವುದಿಲ್ಲವೆ ಎಂದು ಕೇಳುವವರುಂಟು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರ ಉದಾಹರಣೆ ಇದಕ್ಕೆ ಉತ್ತರ. ಅವರು ತಮ್ಮ ಶಿಷ್ಯರಿಗೆ, ಅವರು ಕಿರುದೂರದ ಓಟಗಾರರೇ ಆಗಿರಲಿ, ವೇಗದ ಅಭ್ಯಾಸಕ್ಕೆ ಮುಂಚೆ ತಿಂಗಳುಗಟ್ಟಲೆ ಉಸಿರು ಕಟ್ಟದ ದೀರ್ಘ ಓಟಗಳನ್ನು ವಿಧಿಸುತ್ತಿದ್ದರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಮರ್ರಿ ಹಾಲ್ಬರ್ಗ್ 5,000 ಮೀಟರಿನಲ್ಲಿಯೂ ಚಿನ್ನ ಗೆದ್ದರು. ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ಪಡೆದರು. ತಳಪಾಯ ಮೊದಲು, ಗೋಪುರ ಆಮೇಲೆ.

ನಾಲ್ಕೇ ತಿಂಗಳಲ್ಲಿ ಸಿದ್ಧರಾಗಿ ಮ್ಯಾರಥಾನ್ ಮುಗಿಸಿದವರಿಲ್ಲವೆ ಎಂಬುದು ಇನ್ನೊಂದು ಆಕ್ಷೇಪ. ಇದ್ದಾರೆ, ಅವರ ಛಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದಕ ಧರಿಸಿ ಛಾಯಾಚಿತ್ರಕ್ಕೆ ನಿಂತವರನ್ನು ಮಾತ್ರ ಎಣಿಸಿದರೆ ಲೆಕ್ಕ ಸರಿಯಾಗದು. ಹತ್ತನೆಯ ವಾರದಲ್ಲಿ ಕೆಳಗಾಲಿನ ಮೂಳೆ ನೊಂದು, ವೈದ್ಯರ ಸಲಹೆಯಂತೆ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು, 'ಓಟ ನನ್ನಂಥವನಿಗೆ ಹೇಳಿದ್ದಲ್ಲ' ಎಂದು ಬೂಟುಗಳನ್ನು ಅಟ್ಟಕ್ಕೆ ಎಸೆದವನು ಆ ಚಿತ್ರದಲ್ಲಿ ಎಲ್ಲಿದ್ದಾನೆ? ನಮಗೆ ಚಿಂತೆಯಿರುವುದು ಅವನ ಬಗ್ಗೆ. ಅವನು ಕಳೆದುಕೊಂಡದ್ದು ಒಂದು ಪದಕವನ್ನಲ್ಲ. ಮುಂದಿನ ಮೂವತ್ತು ವರ್ಷಗಳ ಆರೋಗ್ಯಕರವಾದ ಹವ್ಯಾಸವನ್ನು.

ಹಾಗಾದರೆ ಮಾಡಬೇಕಾದುದೇನು? ಮೊದಲ ಕೆಲವು ವಾರ ನಡಿಗೆಯ ನಡುನಡುವೆ ಓಟವಿರಲಿ. ಪೂರ್ಣ ವಾಕ್ಯವೊಂದನ್ನು ತಡೆಯಿಲ್ಲದೆ ಆಡಲು ಸಾಧ್ಯವಾಗುವ ವೇಗವೇ ಸರಿಯಾದ ವೇಗ. ಅದಕ್ಕೆ ಬೆಲೆಬಾಳುವ ಗಡಿಯಾರ ಬೇಡ, ಮಾತಿನ ಜೊತೆಗಾರನೊಬ್ಬ ಸಾಕು. ವಾರದಲ್ಲಿ ಮೂರು ನಾಲ್ಕು ದಿನ ಓಡಿ, ಉಳಿದ ದಿನ ಮೂಳೆಗೆ ಬಿಡುವು ಕೊಡಬೇಕು. ಬಿಡುವೂ ಅಭ್ಯಾಸದ ಭಾಗವೇ. ಸ್ನಾಯುಗಳ ಸಾಮಾನ್ಯ ಬೇನೆ ಎರಡು ಮೂರು ದಿನಗಳಲ್ಲಿ ಕಳೆಯುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ, ಓಡಿದಷ್ಟೂ ನೋವು ಏರುತ್ತಿದ್ದರೆ, ಅಂದೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೊದಲ ವರ್ಷ 5 ಮತ್ತು 10 ಕಿಲೋಮೀಟರ್ ಓಟಗಳಿಗೆ ತೃಪ್ತರಾಗಿ, ಅರ್ಧ ಮ್ಯಾರಥಾನನ್ನು ನೆಮ್ಮದಿಯಿಂದ ಮುಗಿಸಿದ ಮೇಲೆ ಪೂರ್ಣದ ಯೋಚನೆ ಮಾಡಲಿ.

ಓಟಗಳನ್ನು ನಡೆಸುವ ಸಂಘಟಕರಿಗೂ ನಮ್ಮದೊಂದು ಸೂಚನೆಯಿದೆ. ಪೂರ್ಣ ಮ್ಯಾರಥಾನಿಗೆ ಹೆಸರು ಕೊಡುವವರಿಂದ ಶುಲ್ಕದ ಜೊತೆಗೆ, ಅರ್ಧ ಮ್ಯಾರಥಾನನ್ನು ಮುಗಿಸಿದುದರ ದಾಖಲೆಯನ್ನೂ ಕೇಳುವುದು ಲೇಸು. ಇದರಿಂದ ಓಟಗಾರರ ಸಂಖ್ಯೆ ಒಂದೆರಡು ವರ್ಷ ಕಡಮೆಯಾದೀತು. ಆದರೆ ಹತ್ತು ವರ್ಷಗಳ ಬಳಿಕವೂ ಮುಂಜಾನೆಯ ಹಾದಿಯಲ್ಲಿ ಕಾಣಸಿಗುವವರ ಸಂಖ್ಯೆ ಹೆಚ್ಚುವುದೆಂದು ನಮ್ಮ ನಂಬುಗೆ.