ಎದೆಹಾಲಿಗೂ ಇಂಗ್ಲಿಷ್ ಚೀಟಿಯೇ?

ಕನ್ನಡದ ಯುವಕ ಯುವತಿಯರೇ,

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದು ನಮಗೆ ಗೊತ್ತು. ಬ್ಯಾಂಕಿನಲ್ಲಿ ಕನ್ನಡ ಚಲನ್ ಇಲ್ಲವೆಂದು ಮ್ಯಾನೇಜರ್ ಮುಂದೆ ಧರಣಿ ಕೂರುವುದೂ ಗೊತ್ತು. ಆದರೆ ಹೆರಿಗೆ ವಾರ್ಡಿನಲ್ಲಿ ಬಾಣಂತಿಯ ಕೈಗೆ ಯಾವ ಭಾಷೆಯ ಕಾಗದ ಕೊಡುತ್ತಾರೆಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಮೊದಲು ನೋಡಬೇಕಾಗಿದ್ದವನು ನಾನು. ಏಕೆಂದರೆ ಅಂಥ ಒಂದು ಕಾಗದ ಅಚ್ಚಾಗಿದ್ದು ನನ್ನ ಪ್ರೆಸ್ಸಿನಲ್ಲೇ!

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಆರ್ಡರು. ಎದೆಹಾಲು ಹಿಂಡಿ ಇಡುವುದು ಹೇಗೆ, ಮಗುವಿಗೆ ಬಾಟಲಿ ಅಭ್ಯಾಸ ಮಾಡಿಸುವುದು ಹೇಗೆ ಎಂಬ ಕರಪತ್ರ. ಅಷ್ಟೂ ಇಂಗ್ಲಿಷು. "ಹಿಂಬದಿ ಖಾಲಿ ಇದೆ ಸಾರ್, ಕನ್ನಡದಲ್ಲೂ ಹಾಕೋಣವೇ?" ಎಂದೆ. "ನಮ್ಮಲ್ಲಿಗೆ ಬರೋರೆಲ್ಲ ಎಜುಕೇಟೆಡ್ ಕಣ್ರೀ" ಎಂಬ ಉತ್ತರ ಬಂತು. ಬಾಯಿ ಮುಚ್ಚಿಕೊಂಡು ಬಿಲ್ಲು ಬರೆದೆ.

ಮರುವರ್ಷ ನನ್ನ ತಂಗಿಯ ಮಗಳು ಅಲ್ಲೇ ಹೆತ್ತಳು. ಡಿಗ್ರಿ ಓದಿದವಳು, ಇಂಗ್ಲಿಷ್ ಬರುತ್ತದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ನಿಜ. ಆದರೆ ಹತ್ತು ಜನರೂ ಇಲ್ಲದ ಸಣ್ಣ ಆಫೀಸಿಗೆ ಆ ಕಾನೂನು ತಲುಪುವುದಿಲ್ಲ. ಮೂರನೇ ತಿಂಗಳಿಗೇ ಕೆಲಸಕ್ಕೆ ಹೋದಳು. ಬೆಳಗ್ಗೆ ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ಕುಡಿಸಬೇಕಾದವಳು ನನ್ನ ತಂಗಿ, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು.

ಹೊರಗೆ ತೆಗೆದು ನೋಡಿದರೆ ಮೇಲೆ ಕೆನೆ, ಕೆಳಗೆ ನೀರಿನಂಥ ಹಾಲು. "ಒಡೆದುಹೋಗಿದೆ" ಎಂದುಕೊಂಡು ಚೆಲ್ಲಿದಳು. ಮೂರು ದಿನ ಚೆಲ್ಲಿದಳು! ನಾಲ್ಕನೇ ದಿನ ಮನೆಗೆ ಡಬ್ಬದ ಪುಡಿ ಬಂತು. ನಾನು ಹೋದಾಗ ನನ್ನದೇ ಕರಪತ್ರ ಫ್ರಿಜ್ಜಿನ ಬಾಗಿಲ ಮೇಲಿತ್ತು. "ಅಣ್ಣಾ, ಇದು ನಿನ್ನ ಪ್ರೆಸ್ಸಿಂದಲ್ವಾ? ಏನು ಬರ್ದಿದೆ ಓದಪ್ಪ" ಎಂದಳು. ಓದಿದೆ. ಕೆನೆ ಬೇರ್ಪಡುವುದು ಸಹಜ, ಮೆಲ್ಲಗೆ ಅಲುಗಿಸಿದರೆ ಬೆರೆಯುತ್ತದೆ ಎಂದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಆಸ್ಪತ್ರೆಯವರಿಗೆ ಕೇಳುತ್ತೇನೆ: ಎಜುಕೇಟೆಡ್ ತಾಯಿ ಆಫೀಸಿಗೆ ಹೋದ ಮೇಲೆ ತಾನೇ ಬಾಟಲಿಯ ಮಾತು? ಕುಡಿಸುವವರು ಅಜ್ಜಿ, ಕೆಲಸದಾಕೆ, ಶಿಶುವಿಹಾರದ ಆಯಾ. ಓದಬೇಕಾದವರು ಅವರು. ಅವರನ್ನು ಲೆಕ್ಕಕ್ಕೇ ಹಿಡಿಯದೆ ಬರೆದ ಕಾಗದ ಯಾರ ಉದ್ಧಾರಕ್ಕೆ?

ದಿಲ್ಲಿಯ ಧೋರಣೆಯನ್ನೂ ನೋಡಿ. ಪೊಟ್ಟಣದ ಸರಕಿನ ಬಗ್ಗೆ ಕೇಂದ್ರ 2011ರಲ್ಲಿ ಮಾಡಿದ ನಿಯಮದಂತೆ ವಿವರಗಳು ದೇವನಾಗರಿ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾಷೆ ಬೇಕಿದ್ದರೆ ಸೇರಿಸಿಕೊಳ್ಳಬಹುದಂತೆ! ಕೋಟಿಗಟ್ಟಲೆ ಕನ್ನಡಿಗರ ನುಡಿ ಇವರಿಗೆ ಉಪ್ಪಿನಕಾಯಿ. ನಮ್ಮ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ತಂದಿತು. 2025ರಲ್ಲಿ ಆದೇಶವನ್ನೂ ಹೊರಡಿಸಿತು. ಆದರೆ ಅದು ರಾಜ್ಯದಲ್ಲಿ ತಯಾರಾಗುವ ಸರಕಿಗೆ. ಹೊರಗಿನಿಂದ ಬರುವ ಪಂಪು, ಬಾಟಲಿಗಳು ನುಣುಚಿಕೊಳ್ಳುತ್ತವೆ.

ಇದೆಲ್ಲ ವೈದ್ಯಶಾಸ್ತ್ರ, ಕನ್ನಡದಲ್ಲಿ ಬರೆಯಲಾಗದು ಎನ್ನುವ ಮಹಾಶಯರು ಇಲ್ಲಿ ನೋಡಲಿ:

ಕೈ ತೊಳೆದು, ಕುದಿಸಿದ ಪಾತ್ರೆಗೆ ಹಾಲು ಹಿಂಡಿ. ಹೊತ್ತಿಗೆ ಬೇಕಾದಷ್ಟೇ, 60ರಿಂದ 120 ಮಿಲಿ ಲೀಟರಿನಂತೆ ಬೇರೆ ಬೇರೆ ತುಂಬಿ, ಮೇಲೆ ದಿನಾಂಕ ಬರೆಯಿರಿ. 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ ಇರುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಕಾಯಬೇಡಿ, ತಕ್ಷಣ ಫ್ರಿಜ್ಜಿಗಿಡಿ. ಅಲ್ಲಿ 4 ದಿನ. ಬಾಗಿಲಲ್ಲಿ ಬೇಡ, ಒಳಗೆ ಹಿಂದಕ್ಕಿಡಿ. ಸರಿಯಾದ ಫ್ರೀಜರಿನಲ್ಲಿ 6 ತಿಂಗಳು. ಒಂದೇ ಬಾಗಿಲ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ಅಷ್ಟು ದಿನ ನಂಬಬೇಡಿ. ಒಲೆಯ ಮೇಲೆ ಕಾಯಿಸಬೇಡಿ, ಮೈಕ್ರೋವೇವ್ ಬೇಡವೇ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಸಾಕು. ಫ್ರೀಜರಿನದು ಕರಗಿದ ಮೇಲೆ 24 ಗಂಟೆಯೊಳಗೆ ಮುಗಿಸಿ, ಮತ್ತೆ ಗಟ್ಟಿ ಮಾಡಬೇಡಿ. ಮಗು ಕುಡಿದು ಮಿಕ್ಕಿದ್ದನ್ನು 2 ಗಂಟೆಯ ಮೇಲೆ ಇಡಬೇಡಿ.

ಬಾಟಲಿಯೇ ಆದರೆ ಮೊದಲ 3–4 ವಾರ ಬೇಡ, ಎದೆ ಕುಡಿಯುವುದು ಚೆನ್ನಾಗಿ ರೂಢಿಯಾಗಲಿ. ಮೊದಮೊದಲು ತಾಯಿಯಲ್ಲ, ಬೇರೆಯವರು ಕುಡಿಸಲಿ. ಎದೆಯ ವಾಸನೆ ಹತ್ತಿರವಿದ್ದರೆ ಮಗು ರಬ್ಬರನ್ನು ಉಗಿಯುತ್ತದೆ. ಹಸಿದು ಕಿರುಚುವ ಮುಂಚೆಯೇ ಶುರುಮಾಡಿ. ಮಗುವಿನ ತಲೆ ಎತ್ತರದಲ್ಲಿರಲಿ, ಬಾಟಲಿಯನ್ನು ಅಡ್ಡಲಾಗಿ ಹಿಡಿಯಿರಿ, ನಡುನಡುವೆ ನಿಲ್ಲಿಸಿ. ಒತ್ತಾಯ ಮಾಡಬೇಡಿ.

ಎಲ್ಲಿ ಕಷ್ಟವಾಯಿತು ಕನ್ನಡಕ್ಕೆ? ಪಿಯುಸಿ ಓದಿದ ನಾನು ಬರೆದಿದ್ದೇನೆ. ಎಂ.ಡಿ. ಓದಿದವರಿಗೆ ಆಗದೇ?

ಇನ್ನೊಂದು ಮಾತು. ಬಾಟಲಿಗಿಂತ ಬಟ್ಟಲು, ಕೊಕ್ಕಿನ ಲೋಟವೇ ಮೇಲು, ತೊಳೆಯಲು ಸುಲಭ ಎಂದು ಮಕ್ಕಳ ವೈದ್ಯರೇ ಹೇಳುತ್ತಾರೆ. ಅದನ್ನು 'ಪಾಲಡೈ' ಎಂದು ಮಾರುತ್ತಾರೆ. ನಮ್ಮ ಅಜ್ಜಿಯರ ಬಾಯಲ್ಲಿ ಅದರ ಹೆಸರು ಒಳಲೆ! ವಸ್ತುವೂ ನಮ್ಮದು, ಹೆಸರೂ ನಮ್ಮದು. ಎರಡನ್ನೂ ಅಟ್ಟದ ಮೇಲೆಸೆದು ನಾವೇ ಇಂಗ್ಲಿಷ್ ಚೀಟಿಯ ಮುಂದೆ ಕಣ್ಣುಬಿಡುತ್ತಿದ್ದೇವೆ.

ನಮ್ಮ ಹಕ್ಕೊತ್ತಾಯ ಇಷ್ಟೇ. ಕರ್ನಾಟಕದ ಪ್ರತಿ ಹೆರಿಗೆ ಆಸ್ಪತ್ರೆಯೂ ಬಾಣಂತಿಗೆ ಕೊಡುವ ಸೂಚನೆ ಮೊದಲು ಕನ್ನಡದಲ್ಲಿರಲಿ. ಇಲ್ಲಿ ಮಾರುವ ಪಂಪು, ಬಾಟಲಿಯ ಪೆಟ್ಟಿಗೆಯೊಳಗೆ, ಅದು ಎಲ್ಲೇ ತಯಾರಾಗಿರಲಿ, ಕನ್ನಡ ಚೀಟಿ ಇರಲಿ.

ಗೆಳೆಯರೇ, ಅಕ್ಕನ, ಅತ್ತಿಗೆಯ ಹೆರಿಗೆಗೆ ಹೋದಾಗ ಆ ಕಾಗದ ಕೇಳಿ. ಕನ್ನಡದಲ್ಲಿಲ್ಲದಿದ್ದರೆ ಹಿಂದಿರುಗಿಸಿ, ಲಿಖಿತವಾಗಿ ದೂರು ಕೊಡಿ. ಕನ್ನಡ ಒಕ್ಕಣೆ ಸಿದ್ಧಮಾಡಿಕೊಂಡು ಬರುವ ಆಸ್ಪತ್ರೆಗೆ ನಾನು ಕಾಗದದ ಖರ್ಚಿಗಷ್ಟೇ ಅಚ್ಚು ಹಾಕಿಕೊಡುತ್ತೇನೆ. ಕನ್ನಡವಿಲ್ಲದ ಬಾಣಂತಿ ಚೀಟಿ ಇನ್ನು ನನ್ನ ಮೆಷಿನ್ನಿನ ಮೇಲೆ ಏರುವುದಿಲ್ಲ.

ಮೂರು ದಿನ ಸಿಂಕಿಗೆ ಹೋದದ್ದು ತಾಯಿಯ ಹಾಲು. ಅದನ್ನು ಚೆಲ್ಲಿದವಳು ನನ್ನ ತಂಗಿಯಲ್ಲ. ನಾವು.